ಹುಲ್ಲಲ್ಲಿ ಮಲಗಿರೋ ಜಿಂಕೆ ಮರಿನ ಎತ್ಕೋಬೇಡಿ

(ಹೋದ ಭಾನುವಾರ ಮೈಸೂರಲ್ಲಿ, ಸರಸ್ವತಿಪುರಂನ ಒಂದು ಚಿಕ್ಕ ಹಾಲ್‌ನಲ್ಲಿ ಮಾತಾಡಿದ್ದು ಇದು. ಬಂದಿದ್ದವರಲ್ಲಿ ಕೆಲವರು ಬರೆದು ಕೊಡಿ, ಮನೇಲಿ ಮಕ್ಕಳಿಗೆ ಓದಿಸ್ತೀವಿ ಅಂದ್ರು, ಅದಕ್ಕೆ ಮಾತಾಡಿದ ಹಾಗೇ ಬರ್ದಿದೀನಿ. ಜನ ಮಧ್ಯದಲ್ಲಿ ಕೇಳಿದ್ದನ್ನೂ ಅಲ್ಲಲ್ಲೇ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಮೊದಲು ನಮ್ಮ ಮನೆ ವಿಷಯ ಒಂದು ಹೇಳ್ಬಿಡ್ತೀನಿ, ಯಾಕಂದ್ರೆ ನಾನು ಇವತ್ತು ಇಲ್ಲಿ ನಿಂತು ಮಾತಾಡ್ತಿರೋದೇ ಅದರಿಂದ.

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕು, ಕಾಡಂಚು. ಹೊಲ ಮುಗಿದ್ರೆ ಕಾಡು ಶುರು. ನಂಗಾಗ ಒಂಬತ್ತೋ ಹತ್ತೋ ವರ್ಷ, ಶಿವರಾತ್ರಿ ಆಗಿ ಸ್ವಲ್ಪ ದಿನ ಆಗಿತ್ತು. ಸೌದೆಗೆ ಹೋಗಿದ್ದ ನಮ್ಮ ಸೋದರಮಾವ ಟವಲ್‌ನಲ್ಲಿ ಸುತ್ಕೊಂಡು ಒಂದು ಜಿಂಕೆ ಮರಿ ತಂದ್ರು. ಅಂಗೈ ಅಷ್ಟು ಮುಖ, ಮೈ ತುಂಬ ಬಿಳಿ ಚುಕ್ಕೆ, ಕಣ್ಣು ಮಾತ್ರ ಆ ಮುಖಕ್ಕೆ ಹೊಂದದಷ್ಟು ದೊಡ್ಡದು. "ತಾಯಿ ಬುಟ್ಟು ಹೋಗದೆ ಕಣ್ಲಾ, ಒಂದೇ ಬಿದ್ದಿತ್ತು ಹುಲ್ಲಲ್ಲಿ, ನಾಯಿಗೀಯಿ ಕಿತ್ತಾಕ್ಬುಡ್ತಿದ್ವು" ಅಂದ್ರು ಮಾವ. ಅವರ ಮನಸ್ಸಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಇದನ್ನ ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಆ ಮರಿನ ಎದೆಗೆ ಒತ್ಕೊಂಡು ಎರಡು ಮೈಲಿ ನಡ್ಕೊಂಡು ಬಂದಿದ್ರು.

ಅಜ್ಜಿ ಹಸುವಿನ ಹಾಲು ಬೆಚ್ಚಗೆ ಮಾಡಿ, ಮಕ್ಕಳಿಗೆ ಕುಡಿಸೋ ಒಳಲೆಲಿ ಕುಡಿಸಿದ್ರು. ಮೊದಲ ದಿನ ಕುಡೀತು. ಎರಡನೇ ದಿನ ಭೇದಿ ಶುರು ಆಯ್ತು. ಮೂರನೇ ದಿನ ಕತ್ತು ಎತ್ತಲಿಲ್ಲ, ನಾಲ್ಕನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ಕೊಟ್ಟಿಗೆ ಮೂಲೇಲಿ ತಣ್ಣಗಾಗಿತ್ತು. ಊರಲ್ಲಿ ದನ ಕಾಯ್ತಿದ್ದ ಹುಡುಗ ಒಬ್ಬ ಆಮೇಲೆ ಅಜ್ಜಿ ಹತ್ರ ಹೇಳಿದ್ದು ಏನು ಅಂದ್ರೆ, ಮಾವ ಮರಿ ಎತ್ಕೊಂಡ ಜಾಗದಲ್ಲಿ ಒಂದು ಹೆಣ್ಣು ಜಿಂಕೆ ಎರಡು ಸಂಜೆ ಬಂದು ನಿಂತಿತ್ತಂತೆ, ಹುಲ್ಲು ಮೂಸೋದು, ತಲೆ ಎತ್ತೋದು, ಮತ್ತೆ ಮೂಸೋದು.

ಮಾವ ಹೇಳಿದ್ರಲ್ಲ, ತಾಯಿ ಬುಟ್ಟು ಹೋಗದೆ ಅಂತ. ಇವತ್ತು ನಾನು ಮಾತಾಡೋದೆಲ್ಲ ಆ ಒಂದು ಮಾತಿನ ಮೇಲೇನೇ.

ಮನೇಲಿ ಹಸು ಸಾಕಿರೋರಿಗೆ ಇದು ಬೇಗ ತಿಳಿಯುತ್ತೆ. ಮೇಯೋಕೆ ಬಿಟ್ಟ ಹಸು ಬಯಲಲ್ಲೇ ಈದ್ರೆ ಏನ್ ಮಾಡುತ್ತೆ, ಕರುನ ಯಾವುದೋ ಪೊದೆ ಪಕ್ಕ ಮಲಗಿಸಿ, ಸಂಜೆ ತಾನೊಂದೇ ಕೊಟ್ಟಿಗೆಗೆ ಬಂದ್ಬಿಡುತ್ತೆ, ಕೆಚ್ಚಲು ನೋಡಿದ ಮೇಲೇನೇ ಮನೆಯೋರಿಗೆ ಗೊತ್ತಾಗೋದು ಈದಿದೆ ಅಂತ, ಆಮೇಲೆ ಟಾರ್ಚ್ ಹಿಡ್ಕೊಂಡು ಕರು ಹುಡುಕೋಕೆ ಹೋಗೋದು. ಕುರಿಮರಿ ಹಾಗಲ್ಲ, ಎದ್ದು ನಿಂತ ತಕ್ಷಣ ತಾಯಿ ಹಿಂದೆ ಹೊರಟ್ಬಿಡುತ್ತೆ. ಆನೆ ಮರಿನೂ ಅಷ್ಟೇ, ತಾಯಿ ಕಾಲ ಕೆಳಗೇ ಇರುತ್ತೆ. ಪ್ರಾಣಿಗಳಲ್ಲಿ ಹೀಗೆ ಎರಡು ದಾರಿ ಇದೆ, ತಾಯಿ ಹಿಂದೆ ಹೋಗೋ ಮರಿಗಳು, ಬಚ್ಚಿಟ್ಕೊಂಡು ಕಾಯೋ ಮರಿಗಳು. ಜಿಂಕೆ ಜಾತಿಯವು ಬಹುಪಾಲು ಬಚ್ಚಿಟ್ಕೊಳ್ಳೋವು.

ಯಾಕೆ ಹೀಗೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದೇ. ನಮ್ಮ ಚುಕ್ಕೆ ಜಿಂಕೆ ಗಬ್ಬ ಆಗಿ ಏಳೂವರೆ ಎಂಟು ತಿಂಗಳಿಗೆ ಮರಿ ಹಾಕುತ್ತೆ, ಸಾಮಾನ್ಯವಾಗಿ ಒಂದೇ ಮರಿ, ಅವಳಿ ಅಪರೂಪ. ಮರಿ ತೂಕ ಮೂರು ಮೂರೂವರೆ ಕೆಜಿ. ಅದು ಎಷ್ಟೇ ಓಡಿದ್ರೂ ಕಾಡುನಾಯಿ ಮುಂದೆ ಓಡೋಕಾಗಲ್ಲ. ಓಡಿ ಗೆಲ್ಲೋಕಾಗಲ್ಲ ಅಂದ ಮೇಲೆ ಇರೋ ದಾರಿ ಒಂದೇ, ಕಾಣಿಸ್ಕೋಬಾರ್ದು, ವಾಸನೆ ಬರಬಾರ್ದು. ತಾಯಿ ಮರಿ ಹಾಕಿದ ತಕ್ಷಣ ಮೈಯೆಲ್ಲ ನೆಕ್ಕಿ ಒಣಗಿಸುತ್ತೆ, ಮಾಸು ತಾನೇ ತಿಂದ್ಬಿಡುತ್ತೆ. ಮರಿ ಹಿಂಭಾಗ ನೆಕ್ಕಿದಾಗ ಮಾತ್ರ ಅದು ಉಚ್ಚೆ ಹಿಕ್ಕೆ ಮಾಡೋದು, ಅದನ್ನೂ ತಾಯಿನೇ ನೆಕ್ಕಿ ತೆಗೆದ್ಬಿಡುತ್ತೆ, ಮಲಗಿರೋ ಜಾಗದಲ್ಲಿ ಗುರುತು ಅಂತ ಏನೂ ಉಳಿಬಾರ್ದು. ಮರಿ ಮೈಯಿಂದಲೇ ಬರೋ ವಾಸನೆ ತೀರಾ ಕಡಿಮೆ. ಆದ್ರೆ ತಾಯಿ ದೊಡ್ಡ ಪ್ರಾಣಿ, ಅದರ ಮೈವಾಸನೆ ಗಾಳಿಲಿ ದೂರಕ್ಕೆ ಹೋಗುತ್ತೆ, ಅದು ಮರಿ ಪಕ್ಕದಲ್ಲೇ ನಿಂತ್ರೆ ಚಿರತೆಗೆ ದಾರಿ ತೋರಿಸಿದ ಹಾಗೆ. ಅದಕ್ಕೆ ದೂರ ಹೋಗಿ ಮೇಯುತ್ತೆ. ದಿನಕ್ಕೆ ಕೆಲವು ಸಲ ಮಾತ್ರ ಬಂದು ಹಾಲು ಕೊಟ್ಟು, ನೆಕ್ಕಿ, ಮತ್ತೆ ಹೊರಟೋಗುತ್ತೆ.

ಆ ಮರಿ ಮಾಡೋದು ಇನ್ನೂ ದೊಡ್ಡದು. ಹೆಜ್ಜೆ ಸಪ್ಪಳ ಕೇಳಿದ್ರೆ ಕಿವಿ ಹಿಂದಕ್ಕೆ ಅಂಟಿಸಿ, ಗಲ್ಲ ನೆಲಕ್ಕೆ ಒತ್ತಿ, ಕಲ್ಲಿನ ಥರ ಬಿದ್ಕೊಂಡಿರುತ್ತೆ. ಅಮೆರಿಕದ ಬಿಳಿಬಾಲದ ಜಿಂಕೆ ಮರಿಗಳಲ್ಲಿ ಅಳೆದು ನೋಡಿದಾರೆ, ಅಪಾಯದ ಶಬ್ದ ಕೇಳಿದಾಗ ಅವುಗಳ ಎದೆಬಡಿತ ಇದ್ದಕ್ಕಿದ್ದಂತೆ ಇಳಿದೋಗುತ್ತೆ. ನಮಗೆ ಭಯ ಆದ್ರೆ ಎದೆ ಜೋರಾಗಿ ಹೊಡ್ಕೊಳ್ಳುತ್ತೆ ಅಲ್ವಾ, ಅದಕ್ಕೆ ಉಲ್ಟಾ, ಉಸಿರೂ ನಿಧಾನ, ಮೈಯೂ ಅಲುಗಲ್ಲ. ಚುಕ್ಕೆಗಳು ಮರದ ಸಂದಿಲಿ ಬೀಳೋ ಬಿಸಿಲ ಹನಿ ಥರ ಕಾಣ್ತವೆ. ಬೇರೆ ಎಷ್ಟೋ ಜಾತಿಲಿ ಮರಿಗೆ ಚುಕ್ಕೆ ಇದ್ದು ಬೆಳೀತಾ ಅಳಿಸಿ ಹೋಗುತ್ತೆ, ನಮ್ಮದರಲ್ಲಿ ಜೀವನ ಪೂರ್ತಿ ಉಳಿಯುತ್ತೆ.

ಈಗ ಯೋಚನೆ ಮಾಡಿ. ಮನುಷ್ಯ ಹತ್ರ ಹೋದಾಗ ಅದು ಓಡಲ್ಲ, ಕೂಗಲ್ಲ, ಕೈಗೆ ಸಿಗುತ್ತೆ. ನಾವು ಏನಂದ್ಕೊಳ್ತೀವಿ? ಪಾಪ, ನಿತ್ರಾಣ ಆಗಿದೆ, ಎದ್ದೇಳೋಕೂ ಶಕ್ತಿ ಇಲ್ಲ, ತಾಯಿ ಇಲ್ಲ. ಅದು ಆರೋಗ್ಯವಾಗಿರೋದರ ಲಕ್ಷಣವನ್ನೇ ನಾವು ಕಾಯಿಲೆ ಅಂತ ಓದ್ಬಿಡ್ತೀವಿ.

ಎಷ್ಟು ದಿನ ಹೀಗೆ ಬಚ್ಚಿಟ್ಕೊಂಡಿರುತ್ತೆ ಅಂತ ಮುಂದಿನ ಸಾಲಲ್ಲಿದ್ದ ಹುಡುಗಿ ಕೇಳಿದ್ಲು. ಚುಕ್ಕೆ ಜಿಂಕೆಲಿ ಒಂದು ವಾರ ಅಥವಾ ಸ್ವಲ್ಪ ಹೆಚ್ಚು, ಬೇರೆ ಜಿಂಕೆಗಳಿಗಿಂತ ಕಮ್ಮಿ ದಿನ. ಆಮೇಲೆ ಮರಿ ಹಿಂಡಿಗೆ ಸೇರುತ್ತೆ, ಹಿಂಡಲ್ಲಿ ಹತ್ತಾರು ಜೊತೆ ಕಣ್ಣು ಕಿವಿ ಇರುತ್ತೆ. ಮೇಲೆ ಮರದಲ್ಲಿ ಮುಸುವ ಇದ್ರೆ ಇನ್ನೂ ಒಳ್ಳೇದು, ಹುಲಿ ಚಿರತೆ ಕಂಡ್ರೆ ಮೊದಲು ಅದು ಕೂಗುತ್ತೆ, ಮುಸುವ ಉದುರಿಸಿದ ಸೊಪ್ಪು ಹಣ್ಣು ಜಿಂಕೆಗೆ ಊಟನೂ ಆಗುತ್ತೆ. ಹಾಲು ಬಿಡೋಕೆ ಆರು ತಿಂಗಳಾದ್ರೂ ಬೇಕು.

ಇನ್ನು ಯಾವಾಗ ಮರಿ ಹಾಕ್ತವೆ ಅನ್ನೋ ವಿಷಯಕ್ಕೆ ಬರ್ತೀನಿ. ವಸಂತ ಅಂದ್ರೆ ಜಿಂಕೆ ಮರಿ ಅನ್ನೋ ಚಿತ್ರ ನಮ್ಮ ಮಕ್ಕಳ ತಲೇಲಿ ಕೂತಿರೋದು ಹೆಚ್ಚಾಗಿ ಹೊರದೇಶದ ಕಾರ್ಟೂನ್‌ಗಳಿಂದ. ಅಲ್ಲಿ ಅದು ನಿಜ. ಅಮೆರಿಕದ ಬಿಳಿಬಾಲದ ಜಿಂಕೆ ನವೆಂಬರ್ ಸುಮಾರಿಗೆ ಕೂಡಿ, ಸುಮಾರು 200 ದಿನ ಆದ ಮೇಲೆ ಮೇ ಜೂನ್‌ನಲ್ಲಿ ಮರಿ ಹಾಕುತ್ತೆ. ಯುರೋಪಿನ ಕೆಂಪು ಜಿಂಕೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕೂಡುತ್ತೆ, ಅದರ ಮರಿನೂ ಮೇ ಕೊನೆ, ಜೂನ್‌ಗೇ. ಅಲ್ಲೇ ರೋ ಅಂತ ಒಂದು ಸಣ್ಣ ಜಿಂಕೆ ಇದೆ, ಅದು ಕೂಡೋದು ಜುಲೈ ಆಗಸ್ಟ್‌ನಲ್ಲಿ, ಲೆಕ್ಕದ ಪ್ರಕಾರ ಮರಿ ಹಿಮ ಬೀಳೋ ಹೊತ್ತಿಗೆ ಹುಟ್ಟಬೇಕು, ಆದ್ರೆ ಭ್ರೂಣ ಗರ್ಭದೊಳಗೆ ಬೆಳೀದೆ ಹಾಗೇ ತಿಂಗಳುಗಟ್ಟಲೆ ಕಾದು, ಜನವರಿ ಸುಮಾರಿಗೆ ಬೆಳೆಯೋಕೆ ಶುರು ಮಾಡಿ ಮೇ ಜೂನ್‌ಗೇ ಹುಟ್ಟುತ್ತೆ. ಎಲ್ಲಾ ಬಂದು ನಿಲ್ಲೋದು ಹಿಮ ಕರಗಿ ಹೊಸ ಹುಲ್ಲು ಬರೋ ಆ ಕೆಲವೇ ವಾರಗಳಿಗೆ.

ಅವಕ್ಕೆ ಕ್ಯಾಲೆಂಡರ್ ಹೇಳೋದು ಯಾರು? ಹಗಲು. ಲಂಡನ್ ಕಡೆ ಬೇಸಿಗೆಯ ಅತಿ ಉದ್ದದ ಹಗಲು 16 ಗಂಟೆಗೂ ಮೇಲೆ, ಚಳಿಗಾಲದ ಅತಿ ಚಿಕ್ಕ ಹಗಲು 8 ಗಂಟೆಗಿಂತ ಕಮ್ಮಿ. ಕತ್ತಲೆ ಎಷ್ಟು ಹೊತ್ತು ಇತ್ತು ಅನ್ನೋದರ ಮೇಲೆ ಮಿದುಳಲ್ಲಿರೋ ಪೀನಿಯಲ್ ಗ್ರಂಥಿ ಮೆಲಟೋನಿನ್ ಅನ್ನೋ ಹಾರ್ಮೋನ್ ಬಿಡುತ್ತೆ, ಅದರಿಂದ ದೇಹಕ್ಕೆ ಋತು ಗೊತ್ತಾಗುತ್ತೆ. ಬ್ರಿಟಿಷರ ಕಾಲದಲ್ಲಿ ಅದೇ ಕೆಂಪು ಜಿಂಕೆನ ನ್ಯೂಜಿಲೆಂಡ್‌ಗೆ ತಗೊಂಡು ಹೋಗಿ ಬಿಟ್ರು, ಅಲ್ಲಿ ವಸಂತ ಬರೋದು ಆರು ತಿಂಗಳು ಆಚೆಗೆ, ಈಗ ಅಲ್ಲಿ ಅವು ನವೆಂಬರ್ ಡಿಸೆಂಬರ್‌ನಲ್ಲಿ ಮರಿ ಹಾಕ್ತವೆ.

ಆದ್ರೆ ಮೈಸೂರಲ್ಲಿ? ನಾವಿರೋದು 12 ಡಿಗ್ರಿ ಅಕ್ಷಾಂಶದಲ್ಲಿ, ಇಡೀ ವರ್ಷದಲ್ಲಿ ಹಗಲು ಹೆಚ್ಚುಕಮ್ಮಿ ಆಗೋದು ಒಂದೂವರೆ ಗಂಟೆಯಷ್ಟು. ಹಿಮ ಇಲ್ಲ, ಹಾಗಾಗಿ ಆ ಥರದ ಅವಸರ ನಮ್ಮ ಜಿಂಕೆಗೆ ಇಲ್ಲ, ವರ್ಷದ ಯಾವ ತಿಂಗಳಲ್ಲಾದ್ರೂ ಮರಿ ಹುಟ್ಟಬಹುದು. ಒಂದೇ ಹಿಂಡಲ್ಲಿ ಒಂದು ಗಂಡಿನ ಕೊಂಬು ಗಟ್ಟಿಯಾಗಿ ಹೊಳೀತಿದ್ರೆ ಇನ್ನೊಂದರದ್ದು ಇನ್ನೂ ಚರ್ಮ ಸುತ್ಕೊಂಡು ಮಖ್ಮಲ್ ಥರ ಇರುತ್ತೆ, ಸಫಾರಿಗೆ ಹೋದಾಗ ಗಮನಿಸಿ. 1868ರಲ್ಲಿ ಹವಾಯಿ ದ್ವೀಪಗಳಿಗೆ ನಮ್ಮ ಚುಕ್ಕೆ ಜಿಂಕೆನ ಕೊಂಡೊಯ್ದಿದ್ರು, ಅಲ್ಲೂ ಅವು ವರ್ಷ ಪೂರ್ತಿ ಮರಿ ಹಾಕ್ತಾನೇ ಇವೆ.

ಹಾಗಂತ ಹೊತ್ತುಗೊತ್ತು ಇಲ್ಲವೇ ಇಲ್ಲ ಅಂತಲ್ಲ. ಗಂಡುಗಳು ಜೋರಾಗಿ ಕೂಗೋದು, ಕೊಂಬಿಗೆ ಕೊಂಬು ಕೊಟ್ಟು ಗುದ್ದಾಡೋದು ಹೆಚ್ಚಾಗಿ ಬೇಸಿಗೇಲಿ, ಅಲ್ಲಿಂದ ಎಂಟು ತಿಂಗಳು ಲೆಕ್ಕ ಹಾಕಿದ್ರೆ ಸಂಕ್ರಾಂತಿ ಆಸುಪಾಸು. ಸಂಕ್ರಾಂತಿಯಿಂದ ಯುಗಾದಿ ದಾಟೋವರೆಗೂ ನಮ್ಮ ಕಾಡಲ್ಲಿ ಪುಟ್ಟ ಮರಿಗಳು ಜಾಸ್ತಿ. ಕಾಡೆಲ್ಲ ಒಣಗಿರೋವಾಗ ಯಾಕಪ್ಪ ಮರಿ ಹಾಕ್ತವೆ ಅಂತ ನಂಗೂ ಚಿಕ್ಕಂದಿನಲ್ಲಿ ಅನುಮಾನ ಇತ್ತು. ನಾನು ಅರ್ಥ ಮಾಡ್ಕೊಂಡಿರೋದು ಹೀಗೆ. ಮೊದಲ ತಿಂಗಳು ಎರಡು ತಿಂಗಳು ಮರಿಗೆ ಬೇಕಿರೋದು ಹಾಲು, ಹುಲ್ಲಲ್ಲ. ಹಡ್ಲುಗಳಲ್ಲಿ, ಅಂದ್ರೆ ಕಾಡೊಳಗಿನ ಜೌಗು ಹುಲ್ಲುಬಯಲಲ್ಲಿ, ತೇವ ಇನ್ನೂ ಇರುತ್ತೆ, ತಾಯಿಗೆ ಅಲ್ಲಿ ಮೇವು ಸಿಗುತ್ತೆ. ಕಬಿನಿ ಡ್ಯಾಂ 1974ರಲ್ಲಿ ಆದ ಮೇಲೆ ನಮ್ಮ ಕಡೆ ಇನ್ನೊಂದು ಅನುಕೂಲ, ಬೇಸಿಗೇಲಿ ಹಿನ್ನೀರು ಹಿಂದಕ್ಕೆ ಸರಿದ ಹಾಗೆ ಆ ಮಣ್ಣಲ್ಲಿ ಹಸಿರು ಹುಲ್ಲು ಏಳುತ್ತೆ, ಏಪ್ರಿಲ್‌ನಲ್ಲಿ ಅಲ್ಲಿ ಆನೆ, ಕಾಟಿ, ಜಿಂಕೆ ಎಲ್ಲಾ ಒಟ್ಟಿಗೆ ಮೇಯೋದನ್ನ ನೀವೆಲ್ಲ ನೋಡಿರ್ತೀರ. ಮರಿ ಹುಲ್ಲು ಕಡಿಯೋಕೆ ಕಲಿಯೋ ಹೊತ್ತಿಗೆ ಅಶ್ವಿನಿ, ಭರಣಿ ಮಳೆ. ಭರಣಿ ಮಳೆ ಬಂದ್ರೆ ಧರಣಿ ಬೆಳೆದೀತು ಅಂತ ರೈತರು ಹೇಳೋದು ರಾಗಿ ಹೊಲಕ್ಕೆ ಮಾತ್ರ ಅಲ್ಲ ಅಂತ ನಂಗನ್ಸುತ್ತೆ. ಹಾಲು ಬಿಡೋ ಹೊತ್ತಿಗೆ ಮುಂಗಾರು ಪೂರ್ತಿ ಇಳಿದು ಕಾಡೆಲ್ಲ ಹಸಿರು.

ತಿನ್ನೋರು ಯಾರು ಯಾರು ಅಂತ ಬೇಗ ಹೇಳಿ ಮುಂದೆ ಹೋಗ್ತೀನಿ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತರು ಮತ್ತೆ ಮೆಲ್ ಸನ್‌ಕ್ವಿಸ್ಟ್ ನಾಗರಹೊಳೇಲಿ ಮಾಡಿದ ಕೆಲಸ 1995ರಲ್ಲಿ ಪ್ರಕಟ ಆಯ್ತು, ಹುಲಿ ಹೆಚ್ಚಾಗಿ ಕಾಟಿ, ಕಡವೆಯಂಥ ದೊಡ್ಡ ಬೇಟೆ ಆರಿಸ್ಕೊಳ್ಳುತ್ತೆ, ಚಿರತೆ ಕಾಡುನಾಯಿಗಳು ಚುಕ್ಕೆ ಜಿಂಕೆ ಗಾತ್ರದ್ದನ್ನ. ಪುಟ್ಟ ಮರಿ ಅಂದ್ರೆ ನರಿ, ಹೆಬ್ಬಾವಿಗೂ ಆಗುತ್ತೆ. ಬಂಡೀಪುರದಲ್ಲಿ 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಅನ್ನೋ ಇನ್ನೊಬ್ಬ ವನ್ಯಜೀವಿ ವಿಜ್ಞಾನಿ ಕಾಡುನಾಯಿಗಳ ಹಿಂದೆ ಕಾಲ್ನಡಿಗೇಲಿ ಸುತ್ತಿ ಅಧ್ಯಯನ ಮಾಡಿದ್ರು, ಅವುಗಳ ಬದುಕು ಜಿಂಕೆ ಮೇಲೆ ಎಷ್ಟು ನಿಂತಿದೆ ಅಂತ ನಮಗೆ ತಿಳಿದಿದ್ದು ಅಂಥ ಕೆಲಸದಿಂದ. ಕಾಡುನಾಯಿಗೂ ಮರಿ ಇರುತ್ತೆ, ಅವೂ ಬದುಕಬೇಕು, ಇದರಲ್ಲಿ ನಾವು ಮಧ್ಯ ಹೋಗೋ ಅಗತ್ಯ ಇಲ್ಲ.

ನಂಗೆ ಸಂಕಟ ಆಗೋದು ಬೇರೆ ಮೂರು ವಿಷಯಕ್ಕೆ. ಹುಲಿ ಚಿರತೆ ಮುಂದೆ ಲಕ್ಷಾಂತರ ವರ್ಷ ನಡೆದ ಈ ಅಲುಗಾಡದೆ ಮಲಗೋ ಉಪಾಯ, ಇವುಗಳ ಮುಂದೆ ನಡೆಯಲ್ಲ.

ಒಂದನೇದು ಬೆಂಕಿ. ಮರಿಗಳು ಹುಲ್ಲಲ್ಲಿ ಮಲಗೋ ಕಾಲನೂ ಕಾಡಿಗೆ ಬೆಂಕಿ ಬೀಳೋ ಕಾಲನೂ ಒಂದೇ, ಫೆಬ್ರವರಿ, ಮಾರ್ಚ್, ಏಪ್ರಿಲ್. 2019ರ ಫೆಬ್ರವರಿಲಿ ಬಂಡೀಪುರ ಉರಿದಿದ್ದು ನಿಮಗೆಲ್ಲ ನೆನಪಿರುತ್ತೆ, ಸಾವಿರಾರು ಎಕರೆ, ಗುಂಡ್ಲುಪೇಟೆ ರಸ್ತೇಲಿ ಹೊಗೆ. ದೊಡ್ಡ ಜಿಂಕೆ ಓಡಿ ಪಾರಾಗುತ್ತೆ. ಮೂರು ದಿನದ ಮರಿಗೆ ಸಪ್ಪಳ ಕೇಳಿದ್ರೆ ಗೊತ್ತಿರೋದು ಒಂದೇ ಕೆಲಸ, ನೆಲಕ್ಕೆ ಒತ್ಕೊಂಡು ಮಲಗೋದು. ಇದಕ್ಕಿಂತ ಹೆಚ್ಚು ನಾನು ಹೇಳಲ್ಲ. ನಮ್ಮ ಕಾಡಲ್ಲಿ ಬೆಂಕಿ ತಾನಾಗೇ ಹತ್ಕೊಳ್ಳೋದು ತೀರಾ ಕಮ್ಮಿ, ಹೆಚ್ಚಿನದ್ದು ಮನುಷ್ಯರ ಕೈಯಿಂದಲೇ. ಜನವರಿಲೇ ಫೈರ್ ಲೈನ್ ಮಾಡಿ, ಅಂದ್ರೆ ಬೆಂಕಿ ದಾಟದ ಹಾಗೆ ಒಣಹುಲ್ಲು ತೆಗೆದ ಪಟ್ಟಿ ಮಾಡಿ, ಬಿಸಿಲಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಬೆಂಕಿ ಬಡಿಯೋ ವಾಚರ್‌ಗಳಲ್ಲಿ ಎಷ್ಟೋ ಜನ ಹಾಡಿಗಳ ಜೇನುಕುರುಬರು, ಅವರಿಗೆ ನಾವು ಕೈ ಮುಗೀಬೇಕು.

ಎರಡನೇದು ನಾಯಿ. ಊರ ನಾಯಿ, ನಾವು ಸಾಕಿ ರಾತ್ರಿ ಬಿಡೋ ನಾಯಿ. ಇವು ಹೊಟ್ಟೆಗೆ ಇಲ್ದೆ ಬೇಟೆ ಆಡೋದಲ್ಲ, ಮನೇಲಿ ಮುದ್ದೆ ತಿಂದು ಕಾಡಂಚಿಗೆ ಹೋಗ್ತವೆ. ಕಾಡಂಚಲ್ಲಿ ತೋಟ, ಫಾರ್ಮ್‌ಹೌಸ್ ಇರೋರು ಯುಗಾದಿ ಮುಗಿಯೋವರೆಗಾದ್ರೂ ರಾತ್ರಿ ನಾಯಿ ಕಟ್ಟಿ ಹಾಕಿ.

ಮೂರನೇದು ವೆಹಿಕಲ್. ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್ ಇದೆ, ಅದರಿಂದ ಆದ ಉಪಕಾರ ದೊಡ್ಡದು. ಆದ್ರೆ ಗೇಟ್ ಮುಚ್ಚೋಕೆ ಮುಂಚೆ ದಾಟ್ಬಿಡೋಣ ಅಂತ ಎಂಟೂವರೆಗೆ ನೂರರ ಸ್ಪೀಡಲ್ಲಿ ಹೋಗ್ತಾರಲ್ಲ, ಆ ಅರ್ಧ ಗಂಟೆ ತುಂಬ ಕೆಟ್ಟದ್ದು. ಮುಂದೆ ತಾಯಿ ರಸ್ತೆ ದಾಟಿದ್ರೆ ಹಿಂದೆ ಮರಿ ಇದ್ದೇ ಇರುತ್ತೆ ಅಂದ್ಕೊಳಿ, ನಿಲ್ಲಿಸಿ, ಲೈಟ್ ಡಿಮ್ ಮಾಡಿ, ಒಂದು ನಿಮಿಷ ಕಾಯಿರಿ.

ಇಲ್ಲಿ ಒಬ್ಬರು ಹಿರಿಯರು ಎದ್ದು, ಮನುಷ್ಯ ಮುಟ್ಟಿದ ಮರಿನ ತಾಯಿ ಮತ್ತೆ ಸೇರಿಸಲ್ಲ ಅಂತಾರಲ್ಲ, ಎತ್ತಿದ ಮೇಲೆ ವಾಪಸ್ ಬಿಟ್ಟು ಏನು ಪ್ರಯೋಜನ ಅಂದ್ರು. ಗುಬ್ಬಿ ಮರಿ ಬಗ್ಗೆನೂ ಇದೇ ಮಾತು ಹೇಳ್ತಾರೆ ನಮ್ಮಲ್ಲಿ. ಸಾರ್, ಎಂಟು ತಿಂಗಳು ಹೊತ್ತು ಹೆತ್ತ ಮರಿನ ಒಂದು ಕೈ ವಾಸನೆಗೆ ತಾಯಿ ಬಿಟ್ಬಿಡಲ್ಲ. ಸಾಮಾನ್ಯವಾಗಿ ಸೇರಿಸ್ಕೊಳ್ಳುತ್ತೆ. ಮುಟ್ಟಬೇಡಿ ಅಂತ ನಾನು ಹೇಳೋದು ಬೇರೆ ಕಾರಣಕ್ಕೆ, ನಾವು ತುಳಿದ ದಾರಿ, ನಮ್ಮ ವಾಸನೆ ಹಿಡ್ಕೊಂಡು ನಾಯಿ ಬರಬಹುದು, ಮತ್ತೆ ನಾವು ಅಲ್ಲೇ ನಿಂತಿರೋವರೆಗೂ ತಾಯಿ ಹತ್ರ ಬರಲ್ಲ. ಕನಿಕರದಿಂದ ಕಾವಲು ನಿಂತ್ವಿ ಅಂತ ನಾವು ಅಂದ್ಕೊಳ್ತೀವಿ, ಮರಿ ಹಾಲಿಲ್ದೆ ಇರುತ್ತೆ.

ನಿಜವಾಗಿ ತಾಯಿ ಸತ್ತಿದ್ರೆ? ಅಂಥದ್ದೂ ಇರುತ್ತೆ. ಹರಿಕಥೆ ಕೇಳಿರೋರಿಗೆ ಜಡಭರತನ ಕಥೆ ಗೊತ್ತು, ಸಿಂಹದ ಗರ್ಜನೆಗೆ ಬೆದರಿ ಗಬ್ಬದ ಜಿಂಕೆ ಹೊಳೆ ಹಾರಿ, ಮರಿ ನೀರಿಗೆ ಬಿದ್ದು, ತಾಯಿ ಸತ್ತೋಗುತ್ತೆ, ಭರತ ಆ ಮರಿ ಎತ್ಕೊಳ್ತಾನೆ. ಆ ಕಥೇಲಿ ತಾಯಿ ಸತ್ತಿದ್ದನ್ನ ಭರತ ಕಣ್ಣಾರೆ ನೋಡಿದಾನೆ, ನಾನು ಗಮನಿಸಿ ಅನ್ನೋದು ಅದನ್ನೇ. ಪಕ್ಕದಲ್ಲಿ ತಾಯಿ ಹೆಣ ಇದ್ರೆ, ಮರಿಗೆ ಗಾಯ ಆಗಿದ್ರೆ, ನೊಣ ಮುತ್ತಿದ್ರೆ, ಬಿಡದೇ ಕೂಗ್ತಾ ಎಡವ್ತಾ ಓಡಾಡ್ತಿದ್ರೆ, ಆಗ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರೋವರೆಗೂ ದೂರ ಇರಿ, ನಾಯಿ ಮಕ್ಕಳನ್ನ ಹತ್ರ ಬಿಡಬೇಡಿ, ಹಾಲು ಕುಡಿಸಬೇಡಿ. ಜಿಂಕೆ ಹಾಲಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿಗಿಂತ ಬಹಳ ಜಾಸ್ತಿ, ನಮ್ಮ ಹಾಲು ಅದಕ್ಕೆ ಒಗ್ಗದೆ ಭೇದಿ ಆಗುತ್ತೆ, ತಲೆ ಹಿಂದಕ್ಕೆ ಬಾಗಿಸಿ ಹುಯ್ದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ನಮ್ಮಜ್ಜಿ ಒಳಲೆಲಿ ಎಷ್ಟು ಪ್ರೀತಿಯಿಂದ ಕುಡಿಸಿದ್ರು ಅಂತ ನಂಗೆ ಗೊತ್ತು, ಅದಕ್ಕೇ ಇದನ್ನ ಒತ್ತಿ ಹೇಳ್ತಿದೀನಿ. ಹಿಡಿದು ಮುದ್ದಾಡೋ ಗಾಬರಿಗೇ ಜಿಂಕೆಗಳು ಸತ್ತೋಗಿದ್ದೂ ಉಂಟು. ಮನೇಲಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದು ಹಾಗಿರ್ಲಿ, ಸಾಕಿದ ಗಂಡು ದೊಡ್ಡದಾಗಿ ಕೊಂಬು ಬಂದ ಮೇಲೆ ಮನುಷ್ಯರ ಭಯ ಇಲ್ದೆ ಸಾಕಿದವರನ್ನೇ ತಿವಿಯುತ್ತೆ.

ಜರ್ಮನಿಲಿ ರೈತರು ಮೇ ಜೂನ್‌ನಲ್ಲಿ ಮೆಷಿನ್‌ನಿಂದ ಹುಲ್ಲು ಕೊಯ್ಯೋಕೆ ಮುಂಚೆ, ಬೆಳಗಿನ ಜಾವ ಮೈ ಶಾಖ ಕಾಣಿಸೋ ಥರ್ಮಲ್ ಕ್ಯಾಮೆರಾ ಇರೋ ಡ್ರೋನ್ ಹಾರಿಸಿ ಮಲಗಿರೋ ಮರಿ ಹುಡುಕ್ತಾರೆ, ಕೈಗೆ ಗ್ಲೌಸ್ ಹಾಕಿ, ಹುಲ್ಲಿನ ಸಮೇತ ಎತ್ತಿ, ಬದಿಗೆ ಇಟ್ಟು, ಕೊಯ್ಲು ಮುಗಿದ ಮೇಲೆ ತಾಯಿಗೆ ಬಿಟ್ಟುಕೊಡ್ತಾರೆ. ಮಂಡ್ಯದಿಂದ ಬಂದಿರೋರಿಗೆ ಇದು ನಿಮ್ಮದೇ ವಿಷಯ. ನಿಮ್ಮಲ್ಲಿ ಗದ್ದೇಲಿ ಜಿಂಕೆ ಇಲ್ದೆ ಇರಬಹುದು, ಕಬ್ಬಲ್ಲಿ ಚಿರತೆ ಮರಿ ಇರುತ್ತೆ, ಕಾಡುಬೆಕ್ಕಿನ ಮರಿ ಇರುತ್ತೆ, ಕಟಾವು ಮಾಡೋವಾಗ ಸಿಗ್ತವೆ. ಅವುಗಳ ತಾಯಿನೂ ಹಗಲು ದೂರ ಇದ್ದು ಕತ್ತಲಾದ ಮೇಲೆ ಬರೋದು.

ನಾನು ಇಷ್ಟು ಹೇಳಿ ನೀರು ಕುಡಿಯೋಕೆ ನಿಂತೆ. ಹಿಂದಿನ ಸಾಲಿಂದ ನಾಗಮಂಗಲ ಕಡೆಯ ಒಬ್ಬ ಹೆಣ್ಣುಮಗಳು ಎದ್ರು, ಮಗಳ ಮನೆಗೆ ಅಂತ ಮೈಸೂರಿಗೆ ಬಂದಿದ್ದವರು. "ಅಣ್ಣ, ನಿನ್ನೆ ನಮ್ಮ ಕಬ್ಬು ಕಡಿಯೋವಾಗ ಮೂರು ಮರಿ ಸಿಕ್ಕವೆ, ಚಿರತೆದೋ ಬೆಕ್ಕಿಂದೋ ಗೊತ್ತಾಗ್ಲಿಲ್ಲ, ನಮ್ಮನೆಯವ್ರು ಕುಕ್ಕೆ ಮುಚ್ಚಿ ಇಟ್ಟವ್ರೆ, ಈಗ ಏನ್ ಮಾಡೋದು?" ಅಂದ್ರು. ಎರಡರಲ್ಲಿ ಯಾವುದೇ ಆದ್ರೂ ಮೊದಲು 1926ಕ್ಕೆ ಫೋನ್ ಮಾಡಿ, ಸಂಜೆ ಆಗೋಕೆ ಮುಂಚೆ ಸಿಕ್ಕ ಜಾಗದಲ್ಲೇ ಇಡಿಸ್ಬೇಕು, ಅವರು ಕ್ಯಾಮೆರಾ ಕಟ್ಟಿ ತಾಯಿ ಬಂತಾ ಅಂತ ನೋಡ್ತಾರೆ, ನೀವು ಯಾರೂ ಆ ಕಡೆ ರಾತ್ರಿ ಹೋಗ್ಬೇಡಿ ಅಂದೆ. ಗಂಟೆ ಆಗ ಹನ್ನೆರಡೂ ಕಾಲು. ಅವರು ಚಪ್ಪಲಿನೂ ಹಾಕ್ಕೊಳ್ದೆ ಹೊರಗೆ ಮೆಟ್ಟಿಲ ಹತ್ರ ಹೋಗಿ ಮನೆಗೆ ಫೋನ್ ಹಚ್ಚಿದ್ರು. ಮರಿಗಳು ಇನ್ನೂ ಕುಕ್ಕೆ ಕೆಳಗೇ ಇದ್ವಂತೆ.